ಹಳೇ ಗಣಿಯಲ್ಲಿ ನಾಣ್ಯ ಹುಡುಕುವವರು ಮೊದಲು ಗಣಿಯ ಗುಂಡಿ ಬಿಟ್ಟು ದೂರ ಸರಿಯಬೇಕು

ಪ್ರಶ್ನೆ: ಮೆಲ್ಬರ್ನ್‌ಗೆ ಬಂದು ಕೆಲವು ವರ್ಷಗಳಾದವು. ನಮ್ಮೂರು ಬಂಗಾರಪೇಟೆ. ತಾತ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಹಾಗಾಗಿ ಇಲ್ಲಿನ ಹಳೇ ಚಿನ್ನದ ಗಣಿಗಳ ಮೇಲೆ ನನಗೆ ಕುತೂಹಲ. ಈಚೆಗೆ ಮೆಟಲ್ ಡಿಟೆಕ್ಟರ್ ಕೊಂಡು ಕಾಸಲ್‌ಮೇನ್ ಸುತ್ತಿನ ಹಳೇ ಗುಂಡಿಗಳ ಹತ್ತಿರ ಓಡಾಡಿದೆ. ತುಕ್ಕು ಹಿಡಿದ ಮೊಳೆ, ಡಬ್ಬದ ಚೂರು, ಒಂದು ಸೀಸದ ಗುಂಡು ಬಿಟ್ಟರೆ ಏನೂ ಸಿಗಲಿಲ್ಲ. ನನಗೆ ಚಿನ್ನಕ್ಕಿಂತ ಹಳೇ ನಾಣ್ಯ, ಆ ಕಾಲದ ವಸ್ತುಗಳ ಮೇಲೆ ಆಸೆ ಜಾಸ್ತಿ. ಎಲ್ಲಿ ಹುಡುಕಬೇಕು? ಎಂಥ ಯಂತ್ರ ಬೇಕು? ಕಾನೂನು ಏನು ಹೇಳುತ್ತದೆ? ರಜೆಗೆ ಊರಿಗೆ ಹೋದಾಗ ಕೆಜಿಎಫ್‌ನಲ್ಲೂ ಹುಡುಕಬಹುದೇ?

ಉತ್ತರ: ಮೊಳೆ ಸಿಕ್ಕಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಮೊಳೆ ಇದ್ದಲ್ಲಿ ಮನುಷ್ಯರು ಇದ್ದರು ಅಂತ ಅರ್ಥ. ನಿಮಗೆ ತಪ್ಪಿದ್ದು ಯಂತ್ರವಲ್ಲ, ಜಾಗ. ಚಿನ್ನ ತೆಗೆದ ಗುಂಡಿಯ ಬಾಯಲ್ಲಿ ನಿಂತು ನಾಣ್ಯ ಹುಡುಕಿದ್ದೀರಿ. ಗುಂಡಿಗೆ ಇಳಿಯುವವನು ದುಡ್ಡಿನ ಚೀಲ ಕಟ್ಟಿಕೊಂಡು ಯಾಕೆ ಇಳಿಯುತ್ತಾನೆ ಹೇಳಿ?

1851ರಲ್ಲಿ ಕ್ಲೂನ್ಸ್, ಬ್ಯಾಲರಟ್, ಮೌಂಟ್ ಅಲೆಕ್ಸಾಂಡರ್, ಬೆಂಡಿಗೋ ಅಂತ ಒಂದರ ಹಿಂದೆ ಒಂದು ಕಡೆ ಚಿನ್ನ ಕಂಡಿತು. ಈಗಿನ ಕಾಸಲ್‌ಮೇನ್ ಇರುವುದು ಆ ಮೌಂಟ್ ಅಲೆಕ್ಸಾಂಡರ್ ಸೀಮೆಯಲ್ಲೇ. ಆ ವರ್ಷ ಮೆಲ್ಬರ್ನ್ ಇರುವ ವಿಕ್ಟೋರಿಯಾದ ಜನಸಂಖ್ಯೆ 77 ಸಾವಿರದ ಆಸುಪಾಸು. ಹತ್ತೇ ವರ್ಷದಲ್ಲಿ ಅದು 5 ಲಕ್ಷ 40 ಸಾವಿರದ ಹತ್ತಿರ ಹೋಯಿತು. ಮೊದಮೊದಲು ಒಂದು ಲೈಸೆನ್ಸ್‌ಗೆ ಸಿಗುತ್ತಿದ್ದದ್ದು 8 ಅಡಿಗೆ 8 ಅಡಿ ಜಾಗ ಅಷ್ಟೇ. ಅದಕ್ಕೆ ತಿಂಗಳಿಗೆ 30 ಶಿಲಿಂಗ್ ಕಟ್ಟಬೇಕಿತ್ತು. ಚಿನ್ನ ಸಿಗಲಿ ಬಿಡಲಿ, ದುಡ್ಡು ಕಟ್ಟಲೇಬೇಕು. ಈ ಹೊಟ್ಟೆಯುರಿಯೇ ಬೆಳೆದು 1854ರ ಡಿಸೆಂಬರ್ 3ರಂದು ಬ್ಯಾಲರಟ್‌ನ ಯುರೇಕಾದಲ್ಲಿ ಗುಂಡು ಹಾರುವ ತನಕ ಹೋಯಿತು.

ಅಷ್ಟು ಚಿಕ್ಕ ಜಾಗಕ್ಕೆ ಅಷ್ಟು ದುಡ್ಡು ಕೊಟ್ಟವನು ಒಂದು ಹಿಡಿ ಮಣ್ಣನ್ನೂ ಬಿಡುವುದಿಲ್ಲ. ಮೇಲಿನ ಮಣ್ಣು ಪಕ್ಕಕ್ಕೆ, ಕೆಳಗಿನ ಜಲ್ಲಿ ಜರಡಿಗೆ. ಅವನು ಬಿಟ್ಟು ಹೋದ ಮೇಲೆ ಇನ್ನೊಬ್ಬ ಬಂದು ಅದೇ ಮಣ್ಣು ತೊಳೆದ. 1854ರಿಂದ ಈಚೆಗೆ ಕುದುರೆ ಕಟ್ಟಿ ತಿರುಗಿಸುವ ಪಡ್ಲಿಂಗ್ ಯಂತ್ರಗಳು ಬಂದವು. ದುಂಡಗಿನ ಹೊಂಡದಲ್ಲಿ ಜೇಡಿಮಣ್ಣನ್ನು ನೀರು ಹಾಕಿ ಕಲಸಿ ಚಿನ್ನ ಬೇರೆ ಮಾಡುವ ಯಂತ್ರ ಅದು. ಕಾಡಿನಲ್ಲಿ ಅದರ ದುಂಡು ಗುರುತು ಈಗಲೂ ಕಾಣುತ್ತದೆ. ಹೀಗೆ ಎರಡು ಮೂರು ಸಲ ಬುಡಮೇಲಾದ ನೆಲದಲ್ಲಿ ಬಿದ್ದ ನಾಣ್ಯ ಬಿದ್ದಲ್ಲೇ ಉಳಿಯುವ ಸಾಧ್ಯತೆ ತೀರಾ ಕಡಿಮೆ.

ದುಡ್ಡು ಕೈಬದಲಾಗುವ ಕಡೆ ದುಡ್ಡು ಬೀಳುತ್ತದೆ. ದಿನಸಿ ಅಂಗಡಿ, ಕಮ್ಮಾರನ ಕೊಟ್ಟಿಗೆ, ಕದ್ದುಮುಚ್ಚಿ ಹೆಂಡ ಮಾರುವ ಗುಡಾರ, ಚಿನ್ನ ಕೊಳ್ಳುವವನ ಟೆಂಟ್, ಕುದುರೆ ರೇಸಿನ ಬಯಲು, ಭಾನುವಾರ ಜನ ಸೇರುತ್ತಿದ್ದ ಹೊಳೆದಂಡೆ. ಇನ್ನು ಮಲಗುವ ಕಡೆ ಜೇಬಿನಿಂದ ಬೀಳುತ್ತದೆ. ಗುಡಾರಗಳು ಸಾಮಾನ್ಯವಾಗಿ ಗುಂಡಿಗಳ ಮಧ್ಯೆ ಇರುತ್ತಿರಲಿಲ್ಲ. ಸ್ವಲ್ಪ ಮೇಲೆ, ನೀರು ನಿಲ್ಲದ ಇಳಿಜಾರಿನಲ್ಲಿ ಇರುತ್ತಿದ್ದವು. ಆದ್ದರಿಂದ ಗುಂಡಿ ಕಂಡ ಕೂಡಲೇ ಕಾಯಿಲ್ (ಡಿಟೆಕ್ಟರಿನ ತುದಿಯಲ್ಲಿರುವ ಸುರುಳಿ ತಟ್ಟೆ) ಬೀಸಬೇಡಿ. ಬೆನ್ನು ತಿರುಗಿಸಿ ನಿಂತು ನೋಡಿ: ನಾನಾಗಿದ್ದರೆ ಇಲ್ಲಿ ಎಲ್ಲಿ ಗುಡಾರ ಹಾಕುತ್ತಿದ್ದೆ? ಅಂಗಡಿಗೆ ಯಾವ ದಾರಿಯಲ್ಲಿ ನಡೆದು ಹೋಗುತ್ತಿದ್ದೆ?

ನೆಲವೂ ಸುಳಿವು ಕೊಡುತ್ತದೆ. ಚೌಕಾಕಾರದಲ್ಲಿ ಬಿದ್ದಿರುವ ಕಲ್ಲಿನ ಗುಡ್ಡೆ ಅಂದರೆ ಒಲೆಗೂಡು ಕುಸಿದ ಜಾಗ. ನೀಲಗಿರಿ ಮರಗಳ ಕಾಡಿನ ಮಧ್ಯೆ ಒಂಟಿ ಪೆಪ್ಪರ್ ಮರವೋ, ಪೇರ್ ಹಣ್ಣಿನ ಗಿಡವೋ, ಗುಲಾಬಿ ಪೊದೆಯೋ ಇದ್ದರೆ ಅಲ್ಲಿ ಯಾರೋ ಸಂಸಾರ ಮಾಡಿದ್ದರು. ನೀಲಿ ಹೂಬಳ್ಳಿಯ ಪಿಂಗಾಣಿ ಚೂರು, ಕಪ್ಪು ಗಾಜಿನ ಬಾಟಲಿ ತಳ, ಜೇಡಿಮಣ್ಣಿನ ಪೈಪಿನ ತುಂಡು ಕಂಡರೂ ಅಷ್ಟೇ.

ಮನೆಯಲ್ಲಿ ಕೂತು ಮಾಡುವ ಕೆಲಸವೂ ಇದೆ. ನನ್ನ ಪ್ರಕಾರ ಅರ್ಧ ಕೆಲಸ ಅದೇ. ವಿಕ್ಟೋರಿಯಾ ಸರ್ಕಾರದ ಜಿಯೋವಿಕ್ ನಕ್ಷೆಯಲ್ಲಿ ಹಳೇ ಗಣಿಗಳು, ಈಗಿನ ಜಮೀನಿನ ಸ್ಥಿತಿ ಎರಡೂ ಸಿಗುತ್ತವೆ. 19ನೇ ಶತಮಾನದ ಭೂಗರ್ಭ ಸರ್ವೆ ನಕ್ಷೆಗಳನ್ನು ಸ್ಟೇಟ್ ಲೈಬ್ರರಿ ಆಫ್ ವಿಕ್ಟೋರಿಯಾ ಆನ್‌ಲೈನ್‌ನಲ್ಲಿ ಇಟ್ಟಿದೆ. ಅವುಗಳಲ್ಲಿ ಹೋಟೆಲು, ಅಂಗಡಿ, ಹಾದಿಗಳನ್ನು ಕೂಡ ಬರೆದಿರುವುದುಂಟು. ನ್ಯಾಷನಲ್ ಲೈಬ್ರರಿ ಆಫ್ ಆಸ್ಟ್ರೇಲಿಯಾದ ಟ್ರೋವ್ ಜಾಲತಾಣದಲ್ಲಿ ಅಂದಿನ ಪತ್ರಿಕೆಗಳನ್ನು ಪುಕ್ಕಟೆ ಓದಬಹುದು. ಒಂದು ಹಳ್ಳದ ಹೆಸರು ಹಾಕಿ ಹುಡುಕಿ ನೋಡಿ. ಕ್ರಿಕೆಟ್ ಮ್ಯಾಚ್ ಎಲ್ಲಿ ನಡೆಯಿತು, ಯಾರ ಹೋಟೆಲಿಗೆ ಬೆಂಕಿ ಬಿತ್ತು ಎಲ್ಲ ಸಿಗುತ್ತದೆ.

ಇಲ್ಲಿಗೆ ಸಿಹಿ ಸುದ್ದಿ ಮುಗಿಯಿತು. ಈಗ ಕಾನೂನಿಗೆ ಬರೋಣ. ನಾಣ್ಯ ಹೆಚ್ಚಾಗಿ ಇರುವ ಜಾಗವನ್ನೇ ಕಾನೂನು ಮುಟ್ಟಬೇಡಿ ಅನ್ನುತ್ತದೆ.

ನಿಮ್ಮ ಹತ್ತಿರ ಮೈನರ್ಸ್ ರೈಟ್, ಅಂದರೆ ಚಿನ್ನ ಹುಡುಕುವ ಹಕ್ಕುಪತ್ರ, ಇದೆ ಅಂದುಕೊಂಡಿದ್ದೇನೆ. ಇಲ್ಲದಿದ್ದರೆ ಇವತ್ತೇ ಮಾಡಿಸಿ. ಯುರೇಕಾ ಗಲಾಟೆಯ ಮರುವರ್ಷ, 1855ರಲ್ಲಿ, ಆ ದುಬಾರಿ ಲೈಸೆನ್ಸ್ ಬದಲಿಗೆ ವರ್ಷಕ್ಕೆ ಒಂದು ಪೌಂಡಿನ ಹಕ್ಕುಪತ್ರವಾಗಿ ಬಂದದ್ದು ಇದು. ಈಗ ಒಮ್ಮೆ ಮಾಡಿಸಿದರೆ ಹತ್ತು ವರ್ಷ ನಡೆಯುತ್ತದೆ. ಆದರೆ ಅದು ಕೊಡುವ ಹಕ್ಕು ಖನಿಜ ಹುಡುಕಲು ಮಾತ್ರ. ಮುಕ್ತ ಸರ್ಕಾರಿ ಜಮೀನಿನಲ್ಲಿ, ಅಥವಾ ಮಾಲೀಕರು ಒಪ್ಪಿದ ಖಾಸಗಿ ಜಮೀನಿನಲ್ಲಿ, ಕೈ ಉಪಕರಣಗಳಿಂದ ಚಿನ್ನ ಹುಡುಕಬಹುದು. ಸಿಕ್ಕ ಚಿನ್ನ ನಿಮ್ಮದು. ತೋಡಿದ ಗುಂಡಿ ಮುಚ್ಚಬೇಕು. ಹಳೇ ವಸ್ತು ಹುಡುಕುವುದಕ್ಕೆ ಅದರಲ್ಲಿ ಪರವಾನಗಿ ಇಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ.

ಇನ್ನೊಂದು ಕಡೆ 2017ರ ಹೆರಿಟೇಜ್ ಆಕ್ಟ್ ಇದೆ. 75 ವರ್ಷಕ್ಕಿಂತ ಹಳೆಯದಾದ, ಪುರಾತತ್ವ ಬೆಲೆಯುಳ್ಳ ನೆಲೆಗೆ ಇದರಲ್ಲಿ ರಕ್ಷಣೆ ಇದೆ. ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಅನ್ನುವುದು ಮುಖ್ಯವಲ್ಲ. ಜಮೀನು ಸರ್ಕಾರದ್ದೋ ಖಾಸಗಿಯದ್ದೋ ಅನ್ನುವುದೂ ಅಲ್ಲ. ಹೆರಿಟೇಜ್ ವಿಕ್ಟೋರಿಯಾ ಅನ್ನುವ ರಾಜ್ಯ ಸರ್ಕಾರದ ಪರಂಪರೆ ಕಚೇರಿಯ ಒಪ್ಪಿಗೆ ಇಲ್ಲದೆ ಗೊತ್ತಿದ್ದೂ ಅಗೆದರೆ ಅಪರಾಧ. ಆ ಕಲ್ಲಿನ ಒಲೆಗೂಡು, ಪಡ್ಲಿಂಗ್ ಯಂತ್ರದ ದುಂಡು ಹೊಂಡ, ಕಾಸಲ್‌ಮೇನ್ ಹತ್ತಿರದ ಗಿಲ್ಡ್‌ಫರ್ಡ್‌ನಂಥ ಚೀನೀ ಶಿಬಿರಗಳ ನೆಲ, ಎಲ್ಲ ಇದರೊಳಗೆ ಬರುವಂಥವು. ನೀವು ಓಡಾಡಿದ ಸೀಮೆಯ ದೊಡ್ಡ ಭಾಗ 2002ರಿಂದ ಕಾಸಲ್‌ಮೇನ್ ಡಿಗ್ಗಿಂಗ್ಸ್ ನ್ಯಾಷನಲ್ ಹೆರಿಟೇಜ್ ಪಾರ್ಕ್. ಅಲ್ಲಿ ಗುರುತಿಸಿದ ಭಾಗಗಳಲ್ಲಿ ಮಾತ್ರ ಚಿನ್ನ ಹುಡುಕಲು ಬಿಡುತ್ತಾರೆ. ಹೋಗುವ ಮುಂಚೆ ಪಾರ್ಕ್ಸ್ ವಿಕ್ಟೋರಿಯಾದ ನಕ್ಷೆ ನೋಡಿಕೊಳ್ಳಿ. ಇದಲ್ಲದೆ ಈ ನೆಲ ಮೂಲನಿವಾಸಿಗಳಾದ ಜಾ ಜಾ ವುರಂಗ್ ಜನರದ್ದು, ಬ್ಯಾಲರಟ್ ಕಡೆ ವಾದಾವುರಂಗ್ ಜನರದ್ದು. ಅವರ ನೆಲೆಗಳಿಗೆ 2006ರ ಅಬೊರಿಜಿನಲ್ ಹೆರಿಟೇಜ್ ಆಕ್ಟ್‌ನ ಕಾವಲಿದೆ. ಕಲ್ಲಿನ ಚಕ್ಕೆ, ಅರೆಯುವ ಕಲ್ಲು ಕಂಡರೆ ಫೋಟೋ ತೆಗೆದು ಅಲ್ಲೇ ಬಿಟ್ಟು ಬನ್ನಿ.

ಹಾಗಾದರೆ ನಾಣ್ಯ ಹುಡುಕಲು ಏನು ಉಳಿಯಿತು? ತುಂಬಾ ಉಳಿದಿದೆ. ಗಣಿ ಊರುಗಳ ಸುತ್ತ ನೂರೈವತ್ತು ವರ್ಷದಿಂದ ಉಳುತ್ತಾ ಬಂದ ಹೊಲಗಳಿವೆ. ಕಟ್ಟಡದ ಗುರುತೇ ಇಲ್ಲದ ಹುಲ್ಲುಗಾವಲುಗಳಿವೆ. ಅದರಲ್ಲಿ ಹಾದು ಹೋಗಿದ್ದ ಕಾಲುದಾರಿ, ಒಂದು ಕಾಲದ ರೇಸ್ ಮೈದಾನ, ಪಿಕ್ನಿಕ್ ಬಯಲು. ಇಲ್ಲಿ ಸಿಗುವುದು ಅಲ್ಲೊಂದು ಇಲ್ಲೊಂದು ಬಿದ್ದು ಹೋದ ನಾಣ್ಯ, ಅಂಗಿಯ ಗುಂಡಿ, ಬಕಲ್. ಉಳುಮೆಯಲ್ಲಿ ಈಗಾಗಲೇ ಕದಡಿದ ಮೇಲ್ಮಣ್ಣಿನಲ್ಲಿ ಇರುವಂಥವು. ರೈತನ ಮನೆ ಬಾಗಿಲು ತಟ್ಟಿ ಕೇಳಿ. ಒಪ್ಪಿದರೆ ಒಂದು ಕಾಗದದ ಮೇಲೆ ಬರೆಸಿಕೊಳ್ಳಿ: ಯಾವ ಹೊಲ, ಯಾವಾಗ, ಸಿಕ್ಕದ್ದು ಯಾರದ್ದು. ಪಾಳುಗೋಡೆ ಕಂಡರೆ ಅದರ ಸುತ್ತ ಹುಡುಕುವುದಿಲ್ಲ ಅಂತ ನೀವೇ ಮೊದಲು ಹೇಳಿ. ರೈತರಿಗೆ ಅದರಿಂದ ನಂಬಿಕೆ ಬರುತ್ತದೆ. ಗೇಟು ತೆಗೆದಿದ್ದರೆ ತೆಗೆದೇ ಇರಲಿ, ಮುಚ್ಚಿದ್ದರೆ ಮುಚ್ಚಿ ಹೋಗಿ. ಕುರಿ ಸಾಕುವವರು ಡಿಟೆಕ್ಟರ್‌ಗಿಂತ ಜಾಸ್ತಿ ಗೇಟಿನ ಬಗ್ಗೆ ಚಿಂತೆ ಮಾಡುತ್ತಾರೆ.

ಹಳೇ ಮನೆಯ ಜಾಗವನ್ನು ಮುಟ್ಟಬಾರದು ಅನ್ನುವುದು ಸುಮ್ನೆ ಸರ್ಕಾರದ ಕಿರಿಕಿರಿ ಅಂತ ಗೊಣಗುವವರಿದ್ದಾರೆ. ನಾನು ಒಪ್ಪುವುದಿಲ್ಲ. 1984ರಲ್ಲಿ ಅಮೆರಿಕದ ಲಿಟಲ್ ಬಿಗ್‌ಹಾರ್ನ್ ಯುದ್ಧಭೂಮಿಯಲ್ಲಿ ಪುರಾತತ್ವದವರು ಹವ್ಯಾಸಿ ಡಿಟೆಕ್ಟರ್‌ಗಾರರನ್ನು ಜೊತೆಗೆ ಕರೆದುಕೊಂಡು ಸಾಲುಸಾಲಾಗಿ ಹುಡುಕಿಸಿದರು. ಸಿಕ್ಕ ಒಂದೊಂದು ತೋಟಾದ ಜಾಗವನ್ನೂ ನಕ್ಷೆಯಲ್ಲಿ ಗುರುತು ಹಾಕಿದರು. ತೋಟಾದ ಹಿಂಬದಿಯ ಪಿನ್ ಗುರುತು ಹೋಲಿಸಿದಾಗ ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಓಡಾಡಿತ್ತು ಅಂತ ತಿಳಿಯಿತು. ಅದೇ ತೋಟಾಗಳನ್ನು ಯಾರೋ ಚೀಲದಲ್ಲಿ ತುಂಬಿಕೊಂಡು ಹೋಗಿದ್ದರೆ ಅವು ಬರೀ ಹಿತ್ತಾಳೆ. ಗಣಿಗಾರನ ಗುಡಿಸಲೂ ಹಾಗೆಯೇ. ಒಲೆಯ ಪಕ್ಕ ಸಿಕ್ಕ ಹೊಲಿಗೆ ಬೆರಳುಟೋಪಿ ಅಲ್ಲಿ ಹೆಂಗಸೊಬ್ಬಳಿದ್ದಿರಬಹುದು ಅಂತ ಹೇಳುತ್ತದೆ. ಜೇಬಿನಲ್ಲಿ ಇಟ್ಟುಕೊಂಡರೆ ಏನೂ ಹೇಳುವುದಿಲ್ಲ. ನಿಮಗೆ ಇಂಥ ಜಾಗದ ಮೇಲೇ ಆಸೆ ಇದ್ದರೆ ಸ್ಥಳೀಯ ಇತಿಹಾಸ ಸಂಘ ಸೇರಿ. ಉತ್ಖನನಕ್ಕೆ ಸ್ವಯಂಸೇವಕರು ಬೇಕಾದಾಗ ಡಿಟೆಕ್ಟರ್ ಚೆನ್ನಾಗಿ ಬಳಸಲು ಬರುವವರಿಗೆ ಬೆಲೆ ಇದೆ.

ಯಂತ್ರದ ವಿಷಯ. ಚಿನ್ನಕ್ಕೆ ಒಂದು ಬಗೆ, ನಾಣ್ಯಕ್ಕೆ ಇನ್ನೊಂದು ಬಗೆ. ಚಿನ್ನ ಹುಡುಕುವವರು ಹೊತ್ತು ತಿರುಗುವ, ನೆಲಕ್ಕೆ ಬಿಟ್ಟುಬಿಟ್ಟು ಕಾಂತಕ್ಷೇತ್ರದ ಬಡಿತ ಕಳಿಸುವ ಪಲ್ಸ್ ಇಂಡಕ್ಷನ್ ಯಂತ್ರಗಳಿಗೆ ಹಲವು ಸಾವಿರ ಡಾಲರ್. ಇಲ್ಲಿನ ಕೆಂಪು ಕಬ್ಬಿಣಮಣ್ಣು ಸಾಮಾನ್ಯ ಯಂತ್ರಗಳ ತಲೆ ಕೆಡಿಸುತ್ತದೆ. ಪಲ್ಸ್ ಯಂತ್ರ ಅದನ್ನು ದಾಟಿ ಆಳಕ್ಕೆ ಹೋಗುತ್ತದೆ. ಅಡಿಲೇಡ್‌ನ ಮೈನ್‌ಲ್ಯಾಬ್ ಕಂಪನಿ ಬೆಳೆದದ್ದೇ ಈ ನೆಲಕ್ಕೆ ತಕ್ಕ ಯಂತ್ರ ಮಾಡಿ. ಆದರೆ ಪಲ್ಸ್ ಯಂತ್ರಕ್ಕೆ ಮೊಳೆಗೂ ನಾಣ್ಯಕ್ಕೂ ವ್ಯತ್ಯಾಸ ಹೇಳಲು ಸರಿಯಾಗಿ ಬರುವುದಿಲ್ಲ. ಜನವಸತಿ ಇದ್ದ ಕಡೆ ಅದನ್ನು ಹಿಡಿದರೆ ದಿನವಿಡೀ ಮೊಳೆ ಕೀಳುತ್ತೀರಿ.

ನಾಣ್ಯಕ್ಕೆ ಬೇಕಾದದ್ದು ವಿಎಲ್‌ಎಫ್ (ವೆರಿ ಲೋ ಫ್ರೀಕ್ವೆನ್ಸಿ) ಬಗೆಯದ್ದು. ಅದರಲ್ಲೂ ಒಟ್ಟಿಗೇ ಹಲವು ಫ್ರೀಕ್ವೆನ್ಸಿ ಬಳಸುವಂಥದ್ದು. ಮೈನ್‌ಲ್ಯಾಬ್ ಈಕ್ವಿನಾಕ್ಸ್, ಫ್ರಾನ್ಸಿನ ಎಕ್ಸ್‌ಪಿ ಡಿಯುಸ್‌ನ ಹೊಸ ಮಾದರಿ ಈ ಸಾಲಿನವು. ಒಂದು ಸುರುಳಿ ನೆಲದೊಳಗೆ ಕಾಂತಕ್ಷೇತ್ರ ಕಳಿಸುತ್ತದೆ. ಅದು ಬಡಿದ ಲೋಹದಲ್ಲಿ ಸಣ್ಣ ಸುಳಿಯಂಥ ಕರೆಂಟು ಹುಟ್ಟುತ್ತದೆ. ಆ ಕರೆಂಟಿನ ಕ್ಷೇತ್ರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಎಷ್ಟು ತಡವಾಗಿ ಮರಳಿತು ಅನ್ನುವುದರ ಮೇಲೆ ಯಂತ್ರ ಒಂದು ನಂಬರು ತೋರಿಸುತ್ತದೆ. ಬೆಳ್ಳಿ, ತಾಮ್ರದ ದಪ್ಪ ನಾಣ್ಯಕ್ಕೆ ಎತ್ತರದ ನಂಬರು. ಕಬ್ಬಿಣಕ್ಕೆ ತೀರಾ ಕೆಳಗಿನದು.

ಮೋಸ ಆಗುವುದು ಮಧ್ಯದಲ್ಲಿ. ಚಿನ್ನದ ಉಂಗುರ, ಅರ್ಧ ಸಾವರಿನ್ (ಸಾವರಿನ್ ಅಂದರೆ ಆ ಕಾಲದ ಚಿನ್ನದ ನಾಣ್ಯ), ಸೀಸದ ಗುಂಡು, ಬಿಯರ್ ಡಬ್ಬದ ಕಿವಿ, ಸಿಗರೇಟ್ ಪ್ಯಾಕಿನ ಹಾಳೆ ಎಲ್ಲ ಅಕ್ಕಪಕ್ಕದ ನಂಬರಿನಲ್ಲಿ ಕೂಗುತ್ತವೆ. ಅಲ್ಯೂಮಿನಿಯಂ ಕಾಟ ಬೇಡ ಅಂತ ಆ ಭಾಗವನ್ನೇ ಮುಚ್ಚಿಟ್ಟರೆ ಸಾವರಿನ್ ಕೂಡ ಕಾಲಡಿಯಲ್ಲೇ ಉಳಿಯುತ್ತದೆ. ಕಬ್ಬಿಣ ಬಿಟ್ಟು ಉಳಿದಿದ್ದೆಲ್ಲ ತೆಗೆಯಿರಿ. ಬೇರೆ ದಾರಿ ಇಲ್ಲ.

ಇನ್ನೊಂದು ಗುಟ್ಟು ಕಾಯಿಲ್ ಅಳತೆ. ದೊಡ್ಡ ಕಾಯಿಲ್ ಆಳಕ್ಕೆ ಹೋಗುತ್ತದೆ ಅಂತ ಎಲ್ಲರೂ ಅದನ್ನೇ ಕೊಳ್ಳುತ್ತಾರೆ. ಮೊಳೆ ತುಂಬಿದ ಜಾಗದಲ್ಲಿ ದೊಡ್ಡ ಕಾಯಿಲ್ ಅಡಿ ಒಂದೇ ಸಲ ನಾಲ್ಕು ಮೊಳೆ, ಒಂದು ನಾಣ್ಯ ಬರುತ್ತದೆ. ಯಂತ್ರ ಮೊಳೆಯ ಮಾತನ್ನೇ ನಂಬುತ್ತದೆ. 6 ಇಂಚಿನ ಸಣ್ಣ ಕಾಯಿಲ್ ಹಾಕಿ, ನಿಧಾನವಾಗಿ, ನೆಲಕ್ಕೆ ಸಮನಾಗಿ ಬೀಸಿ. ನಿಮ್ಮ ಕೈ ಎರಡು ತುದಿಯಲ್ಲೂ ಮೇಲೇಳುತ್ತಿದೆಯಾ ನೋಡಿಕೊಳ್ಳಿ. ಹೊಸಬರಲ್ಲಿ ಬಹುತೇಕರಿಗೆ ಏಳುತ್ತದೆ. ಗ್ರೌಂಡ್ ಬ್ಯಾಲೆನ್ಸ್, ಅಂದರೆ ಯಂತ್ರವನ್ನು ಅಲ್ಲಿನ ಮಣ್ಣಿಗೆ ಹೊಂದಿಸುವುದು, ಬೆಳಿಗ್ಗೆ ಒಮ್ಮೆ ಮಾಡಿ ಬಿಡುವುದಲ್ಲ, ಮಣ್ಣಿನ ಬಣ್ಣ ಬದಲಾದಾಗಲೆಲ್ಲ ಮಾಡಬೇಕು. ಮೆತ್ತಗಿನ ಮಣ್ಣಿನಲ್ಲಿ ಪೆನ್ನಿಯಷ್ಟು ದೊಡ್ಡ ನಾಣ್ಯ 20-25 ಸೆಂಟಿಮೀಟರ್ ಆಳದಲ್ಲಿ ಕೇಳಿಸಬಹುದು. ಕಬ್ಬಿಣಕಲ್ಲಿನ ಕೆಂಪು ನೆಲದಲ್ಲಿ ಅದರ ಅರ್ಧಕ್ಕೇ ದನಿ ಸಾಯುತ್ತದೆ.

ಚಿನ್ನ ಬೇಡ ಅಂದಿರಿ. ಆದರೂ ಹೇಳುತ್ತೇನೆ. 1869ರಲ್ಲಿ ಮೋಲಿಯಾಗಲ್‌ನಲ್ಲಿ ಸಿಕ್ಕ ‘ವೆಲ್‌ಕಮ್ ಸ್ಟ್ರೇಂಜರ್’ ಗಟ್ಟಿ 70 ಕಿಲೋಗೂ ಜಾಸ್ತಿ ತೂಗುತ್ತಿತ್ತು, ಇದ್ದದ್ದು ಮರದ ಬೇರಿನ ಹತ್ತಿರ ಬರೀ ಮೂರು ಸೆಂಟಿಮೀಟರ್ ಕೆಳಗೆ. 1980ರಲ್ಲಿ ಕಿಂಗೋವರ್ ಹತ್ತಿರ ಕೆವಿನ್ ಹಿಲಿಯರ್ ಡಿಟೆಕ್ಟರ್ ಹಿಡಿದು 27 ಕಿಲೋದ ಗಟ್ಟಿ ಎತ್ತಿದರು. ನಂಬರು ಮಧ್ಯದಲ್ಲಿ ಕೂಗಿದಾಗ ಸೋಮಾರಿತನ ಮಾಡಬೇಡಿ ಅಂತ ಇದನ್ನು ಹೇಳಿದೆ.

ಈಗ ಏನೇನು ಸಿಗಬಹುದು ಅನ್ನುವುದು. ಇದು ನನಗೆ ಇಷ್ಟದ ಭಾಗ.

ಆಸ್ಟ್ರೇಲಿಯಾಗೆ ತನ್ನದೇ ಬೆಳ್ಳಿ ನಾಣ್ಯ ಬಂದದ್ದು 1910ರಲ್ಲಿ, ಪೆನ್ನಿ ಬಂದದ್ದು 1911ರಲ್ಲಿ. ಹಾಗಾಗಿ ಗಣಿ ಕಾಲದ ನಾಣ್ಯ ಅಂದರೆ ಹೆಚ್ಚಾಗಿ ಬ್ರಿಟನ್ನಿನದ್ದು, ವಿಕ್ಟೋರಿಯಾ ರಾಣಿ ಮುಖದ್ದು. ಇಸವಿ ಅಳಿಸಿ ಹೋಗಿದ್ದರೂ ಕೈಗೆ ತೂಕ ಗೊತ್ತಾಗುತ್ತದೆ. 1860ರ ಮುಂಚಿನ ಪೆನ್ನಿ ತಾಮ್ರದ್ದು, 34 ಮಿಲಿಮೀಟರ್ ಅಗಲ, ಸುಮಾರು 19 ಗ್ರಾಂ. 1860ರಿಂದ ಕಂಚಿಗೆ ಬದಲಾಯಿತು, ತೂಕ ಅರ್ಧಕ್ಕೆ ಇಳಿಯಿತು. ಅಂಗೈಯಲ್ಲಿ ಭಾರವಾದ ದೊಡ್ಡ ತಾಮ್ರ ಕೂತರೆ ಆ ಜಾಗ ಗಣಿಯ ಮೊದಲ ದಶಕದ್ದು ಅಂತ ಊಹಿಸಬಹುದು.

ಅದೇ ಅಳತೆಯ ತಾಮ್ರದಲ್ಲಿ ರಾಣಿಯ ಮುಖದ ಬದಲು ಅಂಗಡಿಯ ಹೆಸರಿದ್ದರೆ ಇನ್ನೂ ಖುಷಿಪಡಿ. ಚಿಲ್ಲರೆಗೆ ಬರ ಬಂದಾಗ ವ್ಯಾಪಾರಿಗಳೇ ಪೆನ್ನಿ, ಅರ್ಧ ಪೆನ್ನಿ ಟೋಕನ್ ಹೊಡೆಸಿ ಚಲಾವಣೆಗೆ ಬಿಟ್ಟಿದ್ದರು. 1849ರಲ್ಲಿ ಮೆಲ್ಬರ್ನ್‌ನ ದಿನಸಿ ವ್ಯಾಪಾರಿಗಳಾದ ಆನಂಡ್, ಸ್ಮಿತ್ ಅಂಡ್ ಕಂಪನಿ ಶುರು ಮಾಡಿದ್ದು. ವಿಕ್ಟೋರಿಯಾ 1863ರಲ್ಲಿ ನಿಷೇಧ ಹಾಕಿತು. ಬಟ್ಟೆ ಅಂಗಡಿ, ಕಬ್ಬಿಣದ ಸಾಮಾನಿನ ಅಂಗಡಿ ಎಲ್ಲರ ಹೆಸರೂ ಇವುಗಳ ಮೇಲಿದೆ. ನನಗೆ ಸಾವರಿನ್‌ಗಿಂತ ಇವು ಜಾಸ್ತಿ ಇಷ್ಟ.

ಸಾವರಿನ್ ಸಿಡ್ನಿ ಟಂಕಸಾಲೆಯಲ್ಲಿ 1855ರಿಂದ ಅಚ್ಚಾಯಿತು. ಮೊದಲ ಹದಿನೈದು ವರ್ಷದ ಸಿಡ್ನಿ ಸಾವರಿನ್‌ಗಳ ಹಿಂಬದಿಯಲ್ಲಿ ‘ಆಸ್ಟ್ರೇಲಿಯಾ’ ಅಂತ ದೊಡ್ಡದಾಗಿ ಬರೆದಿದೆ. ಮೆಲ್ಬರ್ನ್ ಟಂಕಸಾಲೆ 1872ರಲ್ಲಿ ತೆರೆಯಿತು. ಸುಮಾರು 8 ಗ್ರಾಂ, 22 ಕ್ಯಾರೆಟ್. ಸಿಗುವುದು ಅಪರೂಪ. ಬಿದ್ದರೆ ಹಿಂದಿರುಗಿ ಹುಡುಕದೆ ಬಿಡುವಂಥ ನಾಣ್ಯವಲ್ಲ ಅದು.

ಮಧ್ಯೆ ಚೌಕ ತೂತಿರುವ ತೆಳ್ಳಗಿನ ಹಿತ್ತಾಳೆ ನಾಣ್ಯ ಸಿಕ್ಕರೆ ಅದು ಚೀನಾದ ಕ್ಯಾಷ್. 1855ರಲ್ಲಿ ವಿಕ್ಟೋರಿಯಾಗೆ ಬಂದಿಳಿಯುವ ಪ್ರತಿ ಚೀನೀಯನ ಮೇಲೆ 10 ಪೌಂಡ್ ತೆರಿಗೆ ಹಾಕಿದರು. ಅದರಿಂದ ತಪ್ಪಿಸಿಕೊಳ್ಳಲು ಹಡಗುಗಳು ಪಕ್ಕದ ಸೌತ್ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿ ಜನರನ್ನು ಇಳಿಸಿದವು. ಅಲ್ಲಿಂದ ನಾನೂರು ಕಿಲೋಮೀಟರ್‌ಗೂ ಜಾಸ್ತಿ ದೂರ ಕಾಲ್ನಡಿಗೆಯಲ್ಲಿ ಗಣಿಗೆ ಬಂದರು. ಕಾಂಗ್ಶಿ, ಚಿಯೆನ್‌ಲುಂಗ್ ಚಕ್ರವರ್ತಿಗಳ ಹೆಸರಿನ ನಾಣ್ಯಗಳು ಗಣಿ ಕಾಲಕ್ಕಿಂತ ಸುಮಾರು ಐವತ್ತರಿಂದ ಇನ್ನೂರು ವರ್ಷ ಹಳೆಯವು. ಅಂದರೆ ನಾಣ್ಯದ ಇಸವಿಯೇ ಜಾಗದ ಇಸವಿ ಅಲ್ಲ. ಇಲ್ಲಿನ ಅಂಗಡಿಯಲ್ಲಿ ಇವಕ್ಕೆ ಬೆಲೆ ಇರಲಿಲ್ಲ. ಫಾನ್‌ಟಾನ್ ಜೂಜಿನಲ್ಲಿ ಎಣಿಕೆ ಬಿಲ್ಲೆಯಾಗಿ ಬಳಸುತ್ತಿದ್ದರು. ಒಂದೇ ಕಡೆ ಎರಡು ಮೂರು ಸಿಕ್ಕರೆ ನಿಂತುಬಿಡಿ. ನೀವು ಶಿಬಿರದ ನೆಲದ ಮೇಲಿದ್ದೀರಿ. ಹೆರಿಟೇಜ್ ವಿಕ್ಟೋರಿಯಾಗೆ ಹೇಳುವ ಹೊತ್ತು ಅದು.

ನಮ್ಮ ಕಡೆಯ ನಾಣ್ಯ ಸಿಗಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳಬೇಕು ಅನ್ನಿಸಿತು. ಗಣಿಗಿಂತ ಐವತ್ತು ವರ್ಷ ಮುಂಚೆ, 1800ರಲ್ಲಿ, ಸಿಡ್ನಿಯಲ್ಲಿ ಗವರ್ನರ್ ಕಿಂಗ್ ಯಾವ ನಾಣ್ಯಕ್ಕೆ ಎಷ್ಟು ಬೆಲೆ ಅಂತ ಒಂದು ಪಟ್ಟಿ ಹೊರಡಿಸಿದ. ಅದರಲ್ಲಿ ಮೊಹರು, ರೂಪಾಯಿಯ ಜೊತೆ ಪಗೋಡಾ, ಅಂದರೆ ನಮ್ಮ ವರಹ ಕೂಡ ಇತ್ತು. ಬೆಲೆ 8 ಶಿಲಿಂಗ್. ಕಾಸಲ್‌ಮೇನ್ ಹೊಲದಲ್ಲಿ ವರಹ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅದು ಗಣಿಗಿಂತ ಮುಂಚಿನ ಸಿಡ್ನಿಯ ಕಥೆ.

ನಾಣ್ಯವಲ್ಲದ್ದು ಇನ್ನೂ ಜಾಸ್ತಿ ಸಿಗುತ್ತದೆ. ಹಾವಿನ ಆಕಾರದ ಬೆಲ್ಟ್ ಬಕಲ್, ಪ್ಯಾಂಟಿನ ಹಿತ್ತಾಳೆ ಗುಂಡಿ, ಬೆಂಕಿಪೆಟ್ಟಿಗೆಯ ತಗಡಿನ ಕವಚ, ಬಾಯಲ್ಲಿ ಹಿಡಿದು ನುಡಿಸುವ ಮೋರ್ಚಿಂಗ್‌ನ ಚೌಕಟ್ಟು. ನಿಮಗೆ ಸಿಕ್ಕ ಸೀಸದ ಗುಂಡನ್ನು ಎಸೆಯಬೇಡಿ. ದುಂಡಗಿದ್ದು, ನಡುವೆ ಅಚ್ಚಿನ ಗೆರೆ ಕಂಡರೆ ಹಳೇ ಮಸ್ಕೆಟ್ಟಿನದ್ದಿರಬಹುದು. ಮೊಳೆಗಳನ್ನೂ ಒಮ್ಮೆ ನೋಡಿ. ಚೌಕ ಮೈಯವು ಹಳೆಯವು, ದುಂಡು ತಂತಿಯವು ಈಚಿನವು.

ಅಗೆಯುವಾಗ ಹುಲ್ಲನ್ನು ಮೂರು ಕಡೆ ಕತ್ತರಿಸಿ ಮಡಚಿ, ಕೆಳಗಿನ ಮಣ್ಣನ್ನು ಒಂದು ಬಟ್ಟೆಯ ಮೇಲೆ ಹಾಕಿ, ಆಮೇಲೆ ಅದನ್ನೇ ವಾಪಸ್ ತುಂಬಿ ತುಳಿಯಿರಿ. ಲೋಹ ಇರುವ ಜಾಗವನ್ನು ಕರಾರುವಾಕ್ಕಾಗಿ ತೋರಿಸುವ, ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್ ಇದ್ದರೆ ಸಲಿಕೆಯ ಏಟು ನಾಣ್ಯದ ಮುಖಕ್ಕೆ ಬೀಳುವುದು ತಪ್ಪುತ್ತದೆ. ಸಿಕ್ಕ ಜಾಗದಲ್ಲಿ ಫೋನಿನಲ್ಲಿ ಲೊಕೇಶನ್ ಉಳಿಸಿ, ಆಳ ಬರೆದುಕೊಳ್ಳಿ.

ಮತ್ತೆ ದಯವಿಟ್ಟು ಉಜ್ಜಬೇಡಿ. ಹುಣಸೆಹಣ್ಣು ಹಾಕಿ ತಿಕ್ಕುವ ನಮ್ಮ ಮನೆ ಅಭ್ಯಾಸ ಪೂಜೆ ಸಾಮಾನಿಗೆ ಸರಿ, ನಾಣ್ಯಕ್ಕೆ ಅಲ್ಲ. ಹುಳಿ ಹಸಿರು ಪೊರೆಯ ಜೊತೆ ಅಕ್ಷರವನ್ನೂ ತಿನ್ನುತ್ತದೆ. ಚಿನ್ನ, ಬೆಳ್ಳಿಯನ್ನು ನೀರಿನಲ್ಲಿ ಅದ್ದಿ ತೆಗೆದರೆ ಸಾಕು. ತಾಮ್ರವನ್ನು ಡಿಸ್ಟಿಲ್ಡ್ ನೀರಿನಲ್ಲಿ ಕೆಲವು ದಿನ ನೆನೆಸಿ, ಮೆತ್ತಗಾದ ಮಣ್ಣನ್ನು ಬಿದಿರುಕಡ್ಡಿಯಿಂದ ಬಿಡಿಸಿ. ಕಬ್ಬಿಣದ ವಸ್ತು ಹೊರಗೆ ಬಂದ ಮೇಲೆ ಬೇಗ ಹಾಳಾಗುತ್ತದೆ. ಕಾಪಾಡಲು ಬರದಿದ್ದರೆ ನೆಲದಲ್ಲೇ ಬಿಡುವುದು ವಾಸಿ.

ಅಪಾಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೇ ಶಾಫ್ಟ್‌ಗಳ (ಗಣಿಬಾವಿಗಳ) ಬಾಯಿಗೆ ಎಲೆ, ಕಡ್ಡಿ ಮುಚ್ಚಿರುತ್ತದೆ, ಅಂಚು ಒಳಗಿಂದ ಟೊಳ್ಳಾಗಿರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕಾಯಿಲ್ ನೋಡುತ್ತಾ ಹಿಂದಕ್ಕೆ ನಡೆಯಬೇಡಿ. ಬೆಂಡಿಗೋ, ಬ್ಯಾಲರಟ್ ಕಡೆಯ ಅದಿರು ಪುಡಿ ಮಾಡಿದ ಮರಳುಗುಡ್ಡೆಗಳಲ್ಲಿ ಆರ್ಸೆನಿಕ್ ಇದೆ. ಅಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ. ಕೈ ತೊಳೆಯದೆ ಚಪಾತಿ ಸುರುಳಿ ತಿನ್ನಬೇಡಿ. ಬೇಸಿಗೆಯಲ್ಲಿ ಬ್ರೌನ್ ಸ್ನೇಕ್ ಇರುತ್ತದೆ. ಬೆಂಕಿ ನಿಷೇಧದ ದಿನ ಕಾಡಿಗೇ ಹೋಗಬೇಡಿ. ಸ್ಫೋಟಕದ ಕ್ಯಾಪ್ ಥರದ ಸಣ್ಣ ತಾಮ್ರದ ಕೊಳವೆ ಸಿಕ್ಕರೆ ಮುಟ್ಟದೆ ಪೊಲೀಸರಿಗೆ ಫೋನ್ ಮಾಡಿ.

ಕೊನೆಗೆ ಕೆಜಿಎಫ್. ಉತ್ತರ: ಬೇಡ. ಡಿಟೆಕ್ಟರನ್ನು ಮೆಲ್ಬರ್ನ್‌ನಲ್ಲೇ ಬಿಟ್ಟು ಹೋಗಿ.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು ನಿಜ. ಆದರೆ ನೆಲ ಯಾರೂ ಇಲ್ಲದ ನೆಲ ಅಲ್ಲ. ಅದು ಭಾರತ್ ಗೋಲ್ಡ್ ಮೈನ್ಸ್‌ನದ್ದು, ಅಂದರೆ ಕೇಂದ್ರ ಸರ್ಕಾರದ್ದು. ಇಲ್ಲಿನ ಮೈನರ್ಸ್ ರೈಟ್ ಥರ ಜನಸಾಮಾನ್ಯರು ಕೊಂಡುಕೊಳ್ಳುವ ಹಕ್ಕುಪತ್ರ ನಮ್ಮಲ್ಲಿ ಇಲ್ಲ. ಸೈನೈಡ್ ದಿಬ್ಬಗಳ ಮೇಲೆ ಏನೂ ಸಿಗುವುದೂ ಇಲ್ಲ. ಅದು ಪುಡಿ ಮಾಡಿ, ರಾಸಾಯನಿಕದಲ್ಲಿ ತೊಳೆದು ಹಾಕಿದ ಕಲ್ಲಿನ ಹಿಟ್ಟು. ಹಳೇ ಶಾಫ್ಟ್‌ಗೆ ಕದ್ದು ಇಳಿದು ಸತ್ತವರಿದ್ದಾರೆ, ನಿಮ್ಮ ಕಡೆಯವರಿಗೆ ಇದು ಗೊತ್ತೇ ಇರುತ್ತದೆ.

ನೆಲದಲ್ಲಿ ಹುಗಿದದ್ದು ಸಿಕ್ಕರೆ 1878ರ ನಿಧಿ ಕಾಯ್ದೆಯ ಪ್ರಕಾರ ಅಧಿಕಾರಿಗೆ ತಿಳಿಸಬೇಕು. ಬೆಲೆ 10 ರೂಪಾಯಿ ದಾಟಿದರೆ ಸಾಕು. ಆ ಕಾಲದ ಹತ್ತು ರೂಪಾಯಿ ಲೆಕ್ಕ ಅದು, ಈಗ ಎಲ್ಲವೂ ದಾಟುತ್ತದೆ. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಬಚ್ಚಿಟ್ಟುಕೊಂಡರೆ ಜೈಲು.

ನಿಮ್ಮೂರಿನ ಗಣಿಗೂ ಆಸ್ಟ್ರೇಲಿಯಾ ಪಕ್ಕದ ನ್ಯೂಜಿಲೆಂಡ್‌ಗೂ ಒಂದು ನಂಟಿದೆ. ಕೋಲಾರದ ಚಿನ್ನದ ಬಗ್ಗೆ 1802ರಲ್ಲೇ ಲೆಫ್ಟಿನೆಂಟ್ ಜಾನ್ ವಾರನ್ ವರದಿ ಬರೆದಿದ್ದ. ಆಮೇಲೆ ಹತ್ತಿರ ಹತ್ತಿರ ಎಪ್ಪತ್ತು ವರ್ಷ ಅದು ಹಾಗೇ ಇತ್ತು. ಅದರ ಬೆನ್ನು ಹತ್ತಿ 1870ರ ದಶಕದಲ್ಲಿ ಮೈಸೂರು ಸರ್ಕಾರದ ಬಾಗಿಲು ತಟ್ಟಿದವನು ಮೈಕೆಲ್ ಲವೆಲ್. ನ್ಯೂಜಿಲೆಂಡ್‌ನಲ್ಲಿ ಮಾವೋರಿ ಯುದ್ಧ ಮಾಡಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸಿಪಾಯಿ. ಲವೆಲ್ ರಸ್ತೆ ಅವನ ಹೆಸರಿನದೇ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಗಣಿ ನಿಜವಾಗಿ ನಡೆಯಿತು.

ರಜೆಯಲ್ಲಿ ಹಳೇ ಗಣಿ ನೋಡಲೇಬೇಕು ಅನ್ನಿಸಿದರೆ ರಾಯಚೂರು ಕಡೆ ಹೋಗಿ. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದಿನವರು ಬೆಂಕಿ ಹಾಕಿ ಬಂಡೆ ಸೀಳಿ ನೂರಾರು ಅಡಿ ಆಳಕ್ಕೆ ಹೋಗಿದ್ದರು. ಅದಕ್ಕೆ ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಅನ್ನುವ ಚಿನ್ನದ ಗಣಿ ಎಂಜಿನಿಯರ್ ಒಬ್ಬ ಬಂಡೆಯ ಮೇಲೆ ಅಕ್ಷರ ಕಂಡ. ಅದು ಅಶೋಕನ ಶಾಸನ. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಮೊದಲ ಶಾಸನ. ಆ ಸೀಮೆಯಲ್ಲಿ ಗಣಿಯವನೊಬ್ಬನಿಗೆ ಸಿಕ್ಕ ದೊಡ್ಡ ನಿಧಿ ಅದೇ. ಅವನು ಹೇಳಿದ್ದರಿಂದ ನಮಗೂ ಸಿಕ್ಕಿತು.

ಇನ್ನು ಮನೆಯಲ್ಲಿ ತಾತನ ಟ್ರಂಕಿನಲ್ಲಿ ಹಳೇ ನಾಣ್ಯಗಳಿದ್ದರೆ ಫೋಟೋ ತೆಗೆದು, ಯಾರು ಕೊಟ್ಟದ್ದು, ಯಾವಾಗಿನದ್ದು ಅಂತ ದೊಡ್ಡವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಮೆಲ್ಬರ್ನ್‌ಗೆ ತರಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಲ್ಲಿ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಇಲ್ಲಿಂದ ಅಲ್ಲಿಗೆ ಒಯ್ಯುವುದಕ್ಕೂ ಹೀಗೇ ಕಟ್ಟುಪಾಡಿದೆ. ನೆಲದಿಂದ ತೆಗೆದ ಹಳೇ ವಸ್ತುವಿಗೆ ಆಸ್ಟ್ರೇಲಿಯಾದ 1986ರ ಕಾಯ್ದೆಯಡಿ ರಫ್ತು ಪರವಾನಗಿ ಬೇಕಾಗಬಹುದು. ಟೋಕನ್ ಸಿಕ್ಕಿತು ಅಂತ ಅಮ್ಮನಿಗೆ ತೋರಿಸಬೇಕಾದರೆ ವಿಡಿಯೋ ಕಾಲ್ ಮಾಡಿ.